ಮನೆಬಂಡಿಗೆ ಗಾಲಿ ಕಟ್ಟಿದವರು

ಅವರ ಒಂದು ಕಿವಿಯ ಮೇಲಂಚು ಸುಟ್ಟು, ಒಣಗಿದ ಕರಿಬೇವಿನ ಎಲೆಯ ಹಾಗೆ ಮುರುಟಿಕೊಂಡಿತ್ತು. ಅದು ಬಲಗಿವಿಯೋ ಎಡಗಿವಿಯೋ ಎಂದು ಕೇಳಿದರೆ ನಾನು ಖಚಿತವಾಗಿ ಹೇಳಲಾರೆ. ಕಣ್ಣು ಮುಚ್ಚಿದರೆ ಒಮ್ಮೆ ಬಲಕ್ಕೆ ಕಾಣುತ್ತದೆ, ಇನ್ನೊಮ್ಮೆ ಎಡಕ್ಕೆ. ಮದ್ರಾಸಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ, ನೆನಪು ಸಾಕ್ಷಿ ಹೇಳುವುದು ಕಡಿಮೆ, ವಕೀಲಿ ಮಾಡುವುದೇ ಹೆಚ್ಚು ಎಂದು ಗೆಳೆಯರೊಡನೆ ವಾದಿಸುತ್ತಿದ್ದೆ. ಆಗ ಅದು ಗೆಲ್ಲುವುದಕ್ಕಾಗಿ ಆಡಿದ ಮಾತು. ಈಗ ಬರೆಯಲು ಕುಳಿತಾಗ ಅದೇ ಮಾತು ನನ್ನ ಕೈ ಹಿಡಿಯುತ್ತಿದೆ. ಇಲ್ಲಿ ನಾನು ಕಂಡದ್ದು ಎಷ್ಟು, ಆಮೇಲೆ ನನ್ನ ಸಮಾಧಾನಕ್ಕೆ ಹೊಂದಿಸಿಕೊಂಡದ್ದು ಎಷ್ಟು ಎಂಬುದು ನನಗೇ ಪೂರ್ತಿ ತಿಳಿಯದು. ಅನುಮಾನವಿದ್ದ ಕಡೆ ಅನುಮಾನವೆಂದೇ ಬರೆಯುತ್ತೇನೆ.

ಕಿವಿ ಸುಟ್ಟದ್ದು ಹೇಗೆಂಬುದು ಮಾತ್ರ ಗೊತ್ತು. ಅವರು ರಾಯದುರ್ಗದ ಗಾಲಿ ಮೇಸ್ತ್ರಿ. ಕೋಟೆಬೆಟ್ಟದ ಬುಡದಲ್ಲಿ ಎರಡು ಬೇವಿನ ಮರಗಳ ನಡುವೆ ತಗಡು ಹೊದಿಸಿದ ಜಾಗವೇ ಅವರ ಅಂಗಡಿ. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟೆ ಕೂಡಿಸುವಾಗ, ಪಟ್ಟೆಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲಿಳಿಸಿ, ಕೂಡಲೇ ನೀರು ಹೊಯ್ಯುತ್ತಾರೆ. ಕಬ್ಬಿಣ ಕುಗ್ಗಿ ಮರವನ್ನು ಬಿಗಿಯುತ್ತದೆ. ಆ ಹಬೆಗೆ ಉಳಿದವರು ಹಿಂದೆ ಸರಿದರೆ ಇವರು ಮುಂದಕ್ಕೆ ಬಾಗುತ್ತಿದ್ದರು. ಗಾಲಿಯ ಕಡ್ಡಿಗಳಾದ ಅರೆಕಾಲುಗಳು ನಡುವಿನ ಗುಂಬದೊಳಕ್ಕೆ ಸರಿದು ಕೂರುವ ಸದ್ದು ಕೇಳಬೇಕಂತೆ. ಒಂದು ದಿನ ಬೇಕಾದ್ದಕ್ಕಿಂತ ಹತ್ತಿರ ಹೋದರು.

"ಆ ಗಾಲಿ ಇನ್ನೂ ಓಡಾಕತ್ತೈತ್ರಿ, ಈ ಕಿವೀನೂ ಕೇಳಾಕತ್ತೈತಿ. ಇಬ್ಬರಿಗೂ ನಷ್ಟ ಇಲ್ಲ," ಎನ್ನುತ್ತಿದ್ದರು.

ಆಗ ನಾವೆಲ್ಲ ಮದ್ರಾಸ್ ಪ್ರಾಂತ್ಯದವರು. ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮಡಕಶಿರಾ ಅನಂತಪುರಕ್ಕೆ. ಎರಡರ ನಡುವೆ ಮೈಸೂರು ಸಂಸ್ಥಾನದ ಪಾವಗಡ ಸೀಮೆ ಚಾಚಿಕೊಂಡಿತ್ತು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷವಿತ್ತು. ನಾನು ಬಿ.ಎ. ಮುಗಿಸಿ ಊರಿಗೆ ಬಂದು, ಒಂದು ಶಾಲೆಯಲ್ಲಿ ಆರು ತಿಂಗಳು, ಒಬ್ಬ ವಕೀಲರ ಬಳಿ ನಾಲ್ಕು ತಿಂಗಳು ಇದ್ದು, ಎರಡನ್ನೂ ಬಿಟ್ಟಿದ್ದೆ. ಎಲ್ಲಿ ಕೂತರೂ ಇದು ನನ್ನ ಜಾಗವಲ್ಲ ಎನ್ನಿಸುವ ವಯಸ್ಸು. ಆ ಹೊತ್ತಿಗೆ ನಮ್ಮೂರ ಕಣ್ಣಿನ ಡಾಕ್ಟರಮ್ಮ ನನ್ನನ್ನು ಸಹಾಯಕನನ್ನಾಗಿ ಇಟ್ಟುಕೊಂಡರು. ಅವರು ಮಂಗಳೂರಿನ ಕಡೆಯವರು. ಅಚ್ಚು ಹಾಕಿದಂಥ ಕನ್ನಡ. ಹಳ್ಳಿಗಳಲ್ಲಿ ಕಣ್ಣಿನ ಪೊರೆ ತೆಗೆಯಬೇಕು, ತೆಗೆದ ಮೇಲೆ ರೋಗಿಯನ್ನು ಅಲುಗಾಡಿಸದೆ ಅಲ್ಲೇ ಮಲಗಿಸಿ ದಿನವೂ ಪಟ್ಟಿ ಬಿಚ್ಚಿ ನೋಡಬೇಕು, ಅದಕ್ಕೆ ಡಾಕ್ಟರೇ ವಾರಗಟ್ಟಲೆ ಹಳ್ಳಿಯಲ್ಲಿರಬೇಕು ಎಂಬುದು ಅವರ ಹಟ. ಹೆಂಗಸೊಬ್ಬಳು ಹೋದ ಹೋದ ಊರಲ್ಲಿ ಯಾರ ಮನೆ ಜಗಲಿ ಹುಡುಕಬೇಕು? ಹಾಗಾಗಿ ಹಳೆಯ ಲಾರಿಯೊಂದನ್ನು ಕೊಂಡು, ಅದರ ಮೇಲೆ ಮರದ ಕೋಣೆ ಕಟ್ಟಿಸಿದರು. ಒಳಗೆ ಮಡಿಚುವ ಎರಡು ಮಂಚ, ಒಂದು ಒಲೆ, ನೀರಿನ ಪೀಪಾಯಿ, ಔಷಧಿಯ ಕಪಾಟು. ಊರವರು ಅದಕ್ಕೆ ಮನೆಬಂಡಿ ಎಂದು ಹೆಸರಿಟ್ಟರು. ತೆಲುಗಿನವರಿಗೆ ಅದು ಇಲ್ಲುಬಂಡಿ.

ಮನೆ ತಯಾರಾಯಿತು. ಆದರೆ ಲಾರಿಯ ಗಾಲಿಗಳು ಸವೆದುಹೋಗಿದ್ದವು. ಹೊಸ ಗಾಲಿ, ಹೊಸ ಟೈರು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಳ್ಳಾರಿಯ ಅಂಗಡಿಯಿಂದ ಬಣ್ಣದ ಚಿತ್ರಗಳ ಪಟ್ಟಿಯೊಂದನ್ನು ತರಿಸಿ, ಎರಡು ದಿನ ಓದಿ, ಗೆರೆ ಎಳೆದು, ಮೇಸ್ತ್ರಿಯ ಬಳಿ ಹೋದೆ. ಗಾಡಿ ಗಾಲಿಯ ಕಸುಬಿನಿಂದ ಮೋಟಾರು ಗಾಲಿಗೆ ಬಂದಿದ್ದವರು ನಮ್ಮೂರಲ್ಲಿ ಅವರೊಬ್ಬರೇ. ಆಗಿನ ಮೋಟಾರು ಗಾಲಿಗಳಿಗೂ ಮರದ ಅರೆಕಾಲುಗಳೇ ಇದ್ದುದರಿಂದ ಅವರ ಕೈಗೆ ಅದು ಪರಕೀಯವಾಗಿರಲಿಲ್ಲ. ನಾನು ತೋರಿಸಿದ ಚಿತ್ರಗಳನ್ನು ಅವರು ಮರ್ಯಾದೆಯಿಂದ ನೋಡಿ ಮಡಿಚಿ ವಾಪಸು ಕೊಟ್ಟರು.

"ಚಂದ ಅದಾವ್ರಿ. ಎಲ್ಲಿಗೆ ಹೊಂಟೀರಿ ಅದನ್ನ ಹೇಳ್ರಿ."

"ಮೊದಲು ಕಣೇಕಲ್ಲು. ಆಮೇಲೆ ಮಡಕಶಿರಾ, ಹೇಮಾವತಿ."

"ಅಂದ್ರ ಹಗರಿ ಹೊಳಿ ಮರಳು, ಕಣೇಕಲ್ಲಿನ ಎರೆಮಣ್ಣು, ಮಡಕಶಿರಾದ ಕಲ್ಲು." ಮೂರು ಬೆರಳು ಮಡಿಚಿದರು. "ಮರಳಿಗೆ ಅಗಲ ಟೈರು ಬೇಕು. ಎರೆಗೆ ಸಣ್ಣದು ಬೇಕು, ಅಗಲ ಇದ್ರ ಮಣ್ಣು ಮೆತ್ತಿಕೊಂಡು ಗುಡಾಣ ಆಗತೈತಿ. ಕಲ್ಲಿಗೆ ಗಾಲಿ ಎತ್ತರ ಬೇಕು. ಮೂರೂ ಒಂದ ಗಾಲ್ಯಾಗ ಸಿಗೂದಿಲ್ರಿ. ನಿಮಗ ಯಾವುದರ ಅಂಜಿಕಿ ಜಾಸ್ತಿ, ಅದನ್ನ ಮೊದಲು ಹೇಳ್ರಿ."

ನನ್ನ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಅವರ ಕೆಲಸದ ರೀತಿ ನನಗೆ ಮೊದಮೊದಲು ನಾಟಕವೆನ್ನಿಸಿತು. ಸಂತೆಯ ದಿನ ನನ್ನನ್ನೂ ಕರೆದುಕೊಂಡು ಹೋಗಿ, ದೂರದೂರಿನಿಂದ ಬಂದ ಗಾಡಿಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಲಿಗೆ ಅಂಟಿದ ಮಣ್ಣನ್ನು ಉಗುರಿನಲ್ಲಿ ಕೆರೆದು, ಅಂಗೈಯಲ್ಲಿ ತಿಕ್ಕಿ ನೋಡುತ್ತಿದ್ದರು. ಪಟ್ಟೆಯ ಮೇಲಿನ ಗೀರುಗಳನ್ನು ಬೆರಳಿನಿಂದ ಸವರುತ್ತಿದ್ದರು. ಗಾಡಿಯವನೊಬ್ಬ, "ಏನ್ ಮೇಸ್ತ್ರಿ, ಗಾಲಿಗೆ ನಾಡಿ ನೋಡಾಕ ಹತ್ತೀರಿ?" ಎಂದರೆ ಇವರು ತಲೆಯೆತ್ತದೆ, "ನಿಂದಕ್ಕ ಜ್ವರ ಐತೋ ತಮ್ಮಾ. ಎಡಗಾಲಿ ಮುಂದಿನ ಅಮಾಸಿಗೆ ಕುಂದರತೈತಿ," ಎಂದರು. ದಾರಿಗೆ ಹೋಗದೆ ದಾರಿ ತಿಳಿಯುವ ಉಪಾಯ ಅದು. ಆದರೆ ಆ ಸಂತೆಗೆ ಮಡಕಶಿರಾ ಕಡೆಯ ಗಾಡಿ ಒಂದೂ ಬಂದಿರಲಿಲ್ಲ. ಅಷ್ಟು ದೂರದಿಂದ ಯಾರು ಬರುತ್ತಾರೆ?

ಇನ್ನೊಂದು ಸಂಗತಿಯ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಅದಕ್ಕೆ ಇಡೀ ಬೀದಿ ಸಾಕ್ಷಿಯಾಗಿತ್ತು. ಅವರು ಮನೆಬಂಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ, ಡಾಕ್ಟರಮ್ಮನನ್ನು ಕರೆಸಿ, "ಅಮ್ಮಾರ, ಒಳಗ ಹೋಗಿ ಸ್ವಲ್ಪ ಮಲಕ್ಕೊಳ್ರಿ," ಎಂದರು.

"ಈಗಲೇ? ಹಗಲು ಹನ್ನೊಂದು ಗಂಟೆಗೆ?" ಎಂದರು ಅವರು.

"ಹೌದ್ರಿ. ನೀವು ಮಲಗಿದ್ರ ಗಾಲಿ ಏನಂತಾವು ನೋಡಬೇಕು."

"ನನ್ನ ಬದಲಿಗೆ ಮರಳಿನ ಚೀಲ ಇಡಬಾರದೇ?"

"ಚೀಲ ಮಗ್ಗಲು ಹೊರಳ್ತೈತೇನ್ರಿ?"

ಡಾಕ್ಟರಮ್ಮ ನಕ್ಕು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿದರು. ಇವರು ಹೊರಗೆ ನೆಲಕ್ಕೆ ಕೆನ್ನೆ ಹಚ್ಚಿ ಟೈರುಗಳನ್ನು ನೋಡುತ್ತ, "ಎಡಮಗ್ಗಲ್ರಿ... ಈಗ ಬಲಮಗ್ಗಲ್ರಿ... ಎದ್ದು ಕುಂದರ್ರಿ," ಎನ್ನುತ್ತಿದ್ದರು. ಬೀದಿಯ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ನಮ್ಮ ಡ್ರೈವರು, ಅದೇ ಊರಿನ ಹುರುಪಿನ ಮನುಷ್ಯ, "ಬಿ.ಎ. ಸಾಹೇಬ್ರ, ನಿಮ್ಮ ಮದ್ರಾಸಿನಾಗ ಇದನ್ನ ಕಲಿಸಿಲ್ಲ ನೋಡ್ರಿ," ಎಂದು ನನ್ನ ಕಿವಿಯಲ್ಲಿ ಹೇಳಿದ. ಅರ್ಧ ಗಂಟೆಯ ನಂತರ ಮೇಸ್ತ್ರಿ ಎದ್ದು, ನೀರಿನ ಪೀಪಾಯಿಯನ್ನು ಬಲಗಡೆಗೆ ಸರಿಸಲು ಹೇಳಿದರು. ಓಡುವ ಬಂಡಿ ಬೇರೆ, ಮಲಗುವ ಬಂಡಿ ಬೇರೆ ಎಂಬುದು ಅವರ ಲೆಕ್ಕ. ಓಡುವಾಗ ಭಾರ ನಾಲ್ಕೂ ಗಾಲಿಗಳ ಮೇಲೆ ಸುತ್ತಾಡುತ್ತದೆ; ನಿಂತಾಗ ಒಂದೇ ಕಡೆ ಕೂತು ಟೈರಿನ ಅದೇ ಜಾಗವನ್ನು ತಿನ್ನುತ್ತದೆ.

ಕೊನೆಗೆ ಮಾತು ಟೈರಿನ ಅಗಲಕ್ಕೆ ಬಂತು. ನನಗೆ ಅಗಲವಾದ, ಗಾಳಿ ಕಡಿಮೆ ತುಂಬುವ ಹೊಸ ಮಾದರಿಯ ಟೈರು ಬೇಕಿತ್ತು. ಹಗರಿಯ ಮರಳು ದಾಟುವುದು ಒಂದು ಕಾರಣ; ಔಷಧಿಯ ಸೀಸೆಗಳು ಕುಲುಕದಿರುವುದು ಇನ್ನೊಂದು. ಮೂರನೆಯ ಕಾರಣವನ್ನು ಆಗ ಒಪ್ಪಿಕೊಂಡಿರಲಿಲ್ಲ: ಅವು ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸವಾಗಿದ್ದವು, ಅವನ್ನು ನಾನೇ ಆರಿಸಿದ್ದೆ. ಮೇಸ್ತ್ರಿ ಹೇಳಿದರು.

"ಹಾಕೋಣ್ರಿ. ಆದ್ರ ಒಂದು ಮಾತು. ಹಳ್ಳಿ ದಾರ್ಯಾಗ ಬಂಡಿ ನಾವು ಹೇಳಿದಂಗ ಹೋಗೂದಿಲ್ಲ, ಚಕ್ಕಡಿ ಜಾಡು ಹೇಳಿದಂಗ ಹೋಗತೈತಿ. ನಮ್ಮ ಕಡೆ ಎರಡು ಜಾಡಿನ ನಡುವ ಎಷ್ಟು ಅಂತರ ಐತೋ ನನಗ ಗೊತ್ತು. ಶಿರಾ, ಮಡಕಶಿರಾ ಕಡೆ ಎತ್ತು ಸಣ್ಣವು, ಬಡಿಗ್ಯಾರು ಅಚ್ಚು ಗಿಡ್ಡ ಮಾಡ್ತಾರ ಅಂತ ಕೇಳೀನಿ. ಎಷ್ಟು ಗಿಡ್ಡ, ನೋಡಿಲ್ಲ. ಜಾಡು ಕೂಡಿ ಬಂದ್ರ ನಿಮ್ಮ ಅಗಲ ಟೈರು ಹಳಿ ಮ್ಯಾಲಿನ ರೈಲಿನಂಗ ಹೋಗತಾವು. ಕೂಡದಿದ್ರ ಟೈರಿನ ಮಗ್ಗಲು ಜಾಡಿನ ಅಂಚಿಗೆ ಉಜ್ಜತೈತಿ. ಅಲ್ಲಿ ಅಂಚು ಅಂದ್ರ ಕಲ್ಲು. ಹಂಗಿದ್ರ ಸಣ್ಣ ಟೈರು, ಎತ್ತರ ಗಾಲಿ ಹಾಕಿ, ಜಾಡು ಬಿಟ್ಟು ಹೋಗೂದು ಚಲೋ."

ಶಿಬಿರಕ್ಕೆ ಜಾಗ ಗೊತ್ತುಮಾಡಲು ನಾನು ಹೇಗೂ ಆ ಕಡೆ ಹೋಗುವವನಿದ್ದೆ. ಅವರು ಒಂದು ಹತ್ತಿಯ ದಾರ ಕೊಟ್ಟರು. ಎಡ ಜಾಡಿನ ನಡುವೆ ದಾರದ ತುದಿ ಇಟ್ಟು, ಬಲ ಜಾಡಿನ ನಡುವೆ ಎಲ್ಲಿ ಬರುತ್ತದೋ ಅಲ್ಲಿ ಗಂಟು ಹಾಕಬೇಕು. ಒಂದು ಗಂಟು ಮಡಕಶಿರಾದಲ್ಲಿ, ಒಂದು ಅಮರಾಪುರದ ದಾರಿಯಲ್ಲಿ, ಒಂದು ಹೇಮಾವತಿಯ ಹತ್ತಿರ.

"ಮೂರು ಗಂಟು ತರ್ರಿ. ಉಳಿದದ್ದು ನನಗ ಬಿಡ್ರಿ," ಎಂದರು.

ಮಡಕಶಿರಾದ ಪ್ರವಾಸಿ ಬಂಗಲೆಯ ಮುಂದೆ, ಬೆಳಗ್ಗೆ, ನಾನು ಕೋಟು ತೊಟ್ಟು ರಸ್ತೆಯಲ್ಲಿ ಕುಕ್ಕರಿಸಿ ಮೊದಲ ಗಂಟು ಹಾಕಿದೆ. ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಿದ್ದ ನಾಲ್ಕೈದು ಹೆಂಗಸರು ನಿಂತರು.

"ಏನ್ ಸ್ವಾಮಿ, ರಸ್ತೆಗೆ ಅಂಗಿ ಹೊಲಿಸ್ತೀರಾ?" ಎಂದಳು ಒಬ್ಬಳು.

"ತೋಳಿನ ಅಳತೇನೂ ತಕೊಳ್ಳಿ ಮತ್ತೆ, ಆ ಕಡೆ ಕೆರೆ ತಾವ ಕವಲೈತೆ," ಎಂದಳು ಇನ್ನೊಬ್ಬಳು.

ನಗು ದಾರಿಯುದ್ದಕ್ಕೂ ಹೋಯಿತು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ನಾನು ದಾರವನ್ನು ಸುತ್ತಿ ಜೇಬಿಗೆ ಹಾಕಿದವನು ಮತ್ತೆ ತೆಗೆಯಲಿಲ್ಲ. ಮರುದಿನ ಹೇಮಾವತಿಗೆ, ಅಲ್ಲಿನ ಗ್ರಾಮಲೆಕ್ಕ ಬರೆಯುವ ಕರಣಿಕರ ಗಾಡಿಯಲ್ಲಿ, ಅವರ ಪಕ್ಕದಲ್ಲೇ ಕೂತು ಹೋದೆ. ದಾರಿಯ ಜಾಡುಗಳು ನನ್ನ ಕಾಲ ಕೆಳಗೇ ಹರಿದು ಹೋಗುತ್ತಿದ್ದವು. ಗಾಡಿ ನಿಲ್ಲಿಸಿ ಎಂದು ಒಂದು ಮಾತು ಸಾಕಿತ್ತು. ಕರಣಿಕರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಲು ಆಸೆಪಡುತ್ತಿದ್ದರು. ಅಂಥವರ ಮುಂದೆ ಇಳಿದು ಧೂಳಿನಲ್ಲಿ ಕೂತು ದಾರ ಹಿಡಿಯುವುದು ನನ್ನಿಂದಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, ಮೊದಲ ಗಂಟಿನ ಆಚೆಗೊಂದು ಈಚೆಗೊಂದು, ಗೋಧಿಕಾಳಿನಷ್ಟು ಅಂತರ ಬಿಟ್ಟು, ಇನ್ನೆರಡು ಗಂಟು ಹಾಕಿದೆ. ಆ ಗೋಧಿಕಾಳಿನಷ್ಟು ಅಂತರವನ್ನು ನಾನು ಯೋಚಿಸಿಯೇ ಬಿಟ್ಟೆ. ಮೂರೂ ಒಂದೇ ಕಡೆ ಇದ್ದರೆ ನಂಬಲಾರರೆಂದು.

ಇಲ್ಲಿಂದ ಮುಂದೆ ನನ್ನ ನೆನಪು ಎರಡು ಕವಲಾಗುತ್ತದೆ. ಒಂದರಲ್ಲಿ ಮೇಸ್ತ್ರಿ ದಾರವನ್ನು ಎರಡು ಕೈಯಲ್ಲಿ ಎಳೆದು ಹಿಡಿದು, ಗಂಟುಗಳನ್ನು ಹೆಬ್ಬೆರಳಿನಿಂದ ಸವರಿ, "ಮೂರೂ ಊರಿನ ಜಾಡು ಹಿಂಗ ಒಂದಕ್ಕೊಂದು ಒತ್ತಿಗೆ ಇರ್ತಾವೇನ್ರಿ?" ಎಂದು ಕೇಳುತ್ತಾರೆ. "ಇದ್ದವು," ಎನ್ನುತ್ತೇನೆ ನಾನು. ಇನ್ನೊಂದರಲ್ಲಿ ಅವರು ಏನನ್ನೂ ಕೇಳುವುದಿಲ್ಲ. ತಮ್ಮ ಅಳತೆಗೋಲಿಗೆ ದಾರ ಹಿಡಿದು, ಮುಖ ಅರಳಿಸಿ, "ನಮ್ಮ ಕಡೀದೂ ಇಷ್ಟ ಐತ್ರಿ. ನಾ ಕೇಳಿದ್ದು ಸುಳ್ಳಾತು. ಕೆಲಸ ಹಗುರಾತು," ಎನ್ನುತ್ತಾರೆ. ಎರಡನೆಯದನ್ನೇ ನಾನು ಬಹಳ ವರ್ಷ ನಂಬಿದ್ದೆ. ಏಕೆ ನಂಬಿದ್ದೆ ಎಂಬುದನ್ನು ಓದುವವರು ಊಹಿಸಬಹುದು.

ಒಂದು ತಿಂಗಳು ಕೆಲಸ ನಡೆಯಿತು. ಹೊಸ ಅರೆಕಾಲುಗಳನ್ನು ಜಾಲಿಯ ಮರದಲ್ಲಿ ಕೆತ್ತಿ, ಗಾಲಿ ಎಷ್ಟು ಒಳಗೆ ಎಷ್ಟು ಹೊರಗೆ ಕೂರಬೇಕೋ ಅಷ್ಟಕ್ಕೆ ಅವುಗಳ ಬಾಗು ಹೊಂದಿಸಿ, ನಾಲ್ಕೂ ಗಾಲಿ ಕಟ್ಟಿದರು. ಬಳ್ಳಾರಿಯಿಂದ ಟೈರು ಬಂದವು. ಹಗರಿಯ ಮರಳಿನಲ್ಲಿ ಬೇರೆ ಮೋಟಾರುಗಳು ಎತ್ತು ಕಟ್ಟಿ ಎಳೆಸಿಕೊಳ್ಳುವ ಜಾಗದಲ್ಲಿ ನಮ್ಮ ಮನೆಬಂಡಿ ತೇಲಿಕೊಂಡು ಹೋಯಿತು. ಕಣೇಕಲ್ಲಿನಲ್ಲಿ ಮಳೆ ಬರಲಿಲ್ಲವಾಗಿ ಎರೆಮಣ್ಣು ತಂಟೆ ಮಾಡಲಿಲ್ಲ. ಕೆರೆಯ ಏರಿಯ ಕೆಳಗೆ ಮೂರು ವಾರ ನಿಂತೆವು. ಅಲ್ಲಿ ಪಟ್ಟಿ ಬಿಚ್ಚಿದಾಗ ತನ್ನ ಸೊಸೆಯ ಮುಖವನ್ನು ಮೊದಲ ಸಲ ಕಂಡ ಮುದುಕಿಯೊಬ್ಬಳು, "ಇಷ್ಟು ಚಂದ ಅದಾಳ, ಸುಮ್ಮನ ಬೈದೆ," ಎಂದಳು. ನಾನು ಟೈರುಗಳನ್ನು ನೋಡಿ ಒಳಗೊಳಗೇ ಬೀಗುತ್ತಿದ್ದೆ.

ಮಡಕಶಿರಾದವರೆಗೂ ಗಾಲಿಗಳು ಜಾಡಿಗೆ ಕೂಡಿಬಂದವು. ಹೇಮಾವತಿಗೆ ಮೂರು ಮೈಲಿ ಇರುವಾಗ ದಾರಿ ಕಿರಿದಾಗಿ, ಎರಡೂ ಕಡೆ ಕಲ್ಲಿನ ಬದು ಬಂತು. ಜಾಡುಗಳು ಮೊಣಕೈ ಆಳ. ನಾನು ಡ್ರೈವರನ ಪಕ್ಕದಲ್ಲಿದ್ದೆ. ಹಿಂದೆ ಡಾಕ್ಟರಮ್ಮ.

"ಸಾಹೇಬ್ರ, ಬಂಡಿ ನನ್ನ ಮಾತು ಕೇಳವಲ್ದು," ಎಂದ ಅವನು. "ಒಂದು ಗಾಲಿ ಜಾಡಿನಾಗ ಇಳದ್ರ ಇನ್ನೊಂದು ದಿಬ್ಬದ ಮ್ಯಾಲ ಹತ್ತತೈತಿ."

"ನಿಧಾನಕ್ಕೆ ಹೋಗು," ಎಂದೆ. ಬೇರೇನು ಹೇಳಲಿ? ನನಗೆ ಆಗಲೇ ತಿಳಿದಿತ್ತು.

ಬಲಗಡೆಯ ಹಿಂದಿನ ಟೈರು ಅಂಚಿನ ಕಲ್ಲಿಗೆ ಉಜ್ಜಿ ಉಜ್ಜಿ, ಇಳಿಜಾರಿನಲ್ಲಿ ಒಡೆಯಿತು. ಬಂಡಿ ಬಾಗಿ, ಬದುವಿಗೆ ಒರಗಿ, ಮೆಲ್ಲಗೆ ಮಗುಚಿತು. ಡ್ರೈವರು ಹಾರಲು ಹೋಗಿ ಅವನ ಕಾಲು ಮೆಟ್ಟಿಲಿನ ಕೆಳಗೆ ಸಿಕ್ಕಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಡಾಕ್ಟರಮ್ಮ ಹಣೆಯಿಂದ ರಕ್ತ ಸುರಿಯುತ್ತಿದ್ದಂತೆಯೇ ಇಳಿದು ಬಂದು, ಕಪಾಟಿನ ಹಲಗೆಯೊಂದನ್ನು ಕಿತ್ತು ಅವನ ಕಾಲಿಗೆ ಕಟ್ಟಿದರು. ಮೂಳೆ ಎರಡು ಕಡೆ ಮುರಿದಿತ್ತು.

ಕಡಲೆಕಾಯಿ ಹೊಲದಿಂದ ಓಡಿ ಬಂದ ರೈತನೊಬ್ಬ ಬಂಡಿಯನ್ನು ಸುತ್ತಿ ನೋಡಿ, ತನ್ನ ಬಾರುಕೋಲನ್ನು ಮೊದಲು ಜಾಡಿಗೆ ಅಡ್ಡ ಹಿಡಿದ, ಆಮೇಲೆ ಗಾಲಿಗಳಿಗೆ ಅಡ್ಡ ಹಿಡಿದ.

"ಜಾಡಿಗಿಂತ ನಾಕು ಬೆರಳು ಅಗಲ ಐತಲ್ಲ ಸ್ವಾಮಿ ನಿಮ್ ಬಂಡಿ. ಯಾರ್ ಕೊಟ್ಟಿದ್ದು ಈ ಅಳತೆಯ?" ಎಂದು ನನ್ನನ್ನೇ ಕೇಳಿದ.

ನಾನು ಊರಿನ ಕಡೆ ನಡೆದೆ. ಸಿದ್ಧೇಶ್ವರ ಗುಡಿಯ ಅಂಗಳದಲ್ಲಿ ಕಣ್ಣು ಕಾಣದವರನ್ನು ಸುತ್ತಲ ಹಳ್ಳಿಗಳಿಂದ ಕೈ ಹಿಡಿದು ಕರೆತಂದು ಕೂರಿಸಿದ್ದರು. ನನ್ನ ಬೂಟಿನ ಸದ್ದಿಗೆ ಎಲ್ಲರ ಮುಖವೂ ತಿರುಗಿತು. "ಡಾಕ್ಟ್ರಮ್ಮ ಬಂದ್ರಾ?" ಎಂದು ಯಾರೋ ಕೇಳಿದರು. ಈ ಸಲ ಇಲ್ಲ ಎಂದೆ. ಅವರು ಬೈಯಲಿಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು ಎದ್ದರು. ಮುಂದಿನ ಸಲ ಎಂಬುದು ಆ ಊರಿಗೆ ಬರಲೇ ಇಲ್ಲ. ಆ ಬಂಡಿ ಮತ್ತೆ ಅಷ್ಟು ದೂರ ಹೋಗಲಿಲ್ಲ.

ಸುದ್ದಿ ನಮಗಿಂತ ಮೊದಲೇ ರಾಯದುರ್ಗ ಮುಟ್ಟಿತ್ತು. ನಾನು ಊರಿಗೆ ಬಂದಾಗ ಮೇಸ್ತ್ರಿಯ ಅಂಗಡಿ ಮುಚ್ಚಿತ್ತು. ನಾಚಿಕೆಯಿಂದ ಮನೆಯೊಳಗೆ ಕೂತಿದ್ದಾರೆ ಎಂದು ಜನ ಹೇಳಿದರು. ನಾನು ಹೋಗಿ ವಿಚಾರಿಸಲಿಲ್ಲ. ಆ ವರ್ಷ ಆಯುಧಪೂಜೆಗೆ ಊರಿನ ಮೋಟಾರಿನವರು ಯಾರೂ ಅವರ ಅಂಗಡಿಯ ಮುಂದೆ ಬಂಡಿ ತಂದು ನಿಲ್ಲಿಸಲಿಲ್ಲ. ಅಲ್ಲಿಯವರೆಗೆ ಪ್ರತಿವರ್ಷ ಅವರ ಕೈಯಿಂದಲೇ ಗಾಲಿಗೆ ಮೊದಲ ಕುಂಕುಮ.

ವಿಜಯದಶಮಿಯ ಮರುದಿನ ಡಾಕ್ಟರಮ್ಮ ಮೇಸ್ತ್ರಿಯನ್ನು ಕರೆಸಿದರು. ಆಸ್ಪತ್ರೆಯ ವರಾಂಡ. ನಾನು ಕಾಗದ, ಪೆನ್ನು ಹಿಡಿದು ಪಕ್ಕದ ಮೇಜಿನಲ್ಲಿ. ಅವರು ಒಗೆದ ಬಿಳಿ ಅಂಗಿ ಹಾಕಿಕೊಂಡು, ಪೇಟವನ್ನು ಕೈಯಲ್ಲಿ ಹಿಡಿದು ಬಂದಿದ್ದರು. ಪಾದಗಳು ಊದಿದ್ದವು.

"ಗಾಲಿಗಳ ನಡುವಿನ ಅಳತೆ ತಪ್ಪಿದೆ ಎಂದು ಎಲ್ಲರೂ ಹೇಳುತ್ತಾರೆ," ಎಂದರು ಡಾಕ್ಟರಮ್ಮ. "ಆ ಅಳತೆ ಯಾರದು?"

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ಇದು ನನಗೆ ಖಚಿತವಾಗಿ ನೆನಪಿದೆ, ಏಕೆಂದರೆ ನೋಡುತ್ತಾರೆಂದು ನಾನು ಕಾದಿದ್ದೆ.

"ನಂದ್ರೀ ಅಮ್ಮಾರ."

"ನೀವು ಆ ದಾರಿಯನ್ನು ನೋಡಿದ್ದಿರಾ?"

"ಗಾಲಿ ಕಟ್ಟಿದ ಕೈ ನಂದು ಅಂದಮ್ಯಾಲ ಅಳತೀನೂ ನಂದ. ಮತ್ತೇನೂ ಕೇಳಬ್ಯಾಡ್ರಿ."

ನಾನು ಆಗ ಬಾಯಿ ತೆರೆದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾತು ಹೊರಡುವಷ್ಟರಲ್ಲಿ ಡಾಕ್ಟರಮ್ಮ ಎದ್ದುಬಿಟ್ಟರು ಎಂದು. ಅದು ಸುಳ್ಳಿರಬೇಕು. ಏಕೆಂದರೆ ಆಸ್ಪತ್ರೆಯ ಆಡಳಿತ ಮಂಡಳಿಗೆ ಹೋದ ವರದಿ ನನ್ನ ಕೈಬರಹದಲ್ಲೇ ಇತ್ತು. ಅಪಘಾತಕ್ಕೆ ಕಾರಣ ಮೇಸ್ತ್ರಿಯ ತಪ್ಪು ಅಳತೆ ಎಂದು ಸ್ವಚ್ಛವಾದ ಇಂಗ್ಲಿಷಿನಲ್ಲಿ ಬರೆದು, ಒಂದು ಅಲ್ಪವಿರಾಮ ಸರಿಯಿಲ್ಲವೆಂದು ಇಡೀ ಹಾಳೆಯನ್ನು ಮತ್ತೊಮ್ಮೆ ಬರೆದಿದ್ದೆ.

ಆಮೇಲೆ ಮೋಟಾರು ಗಾಲಿ ಅವರ ಅಂಗಡಿಗೆ ಬರಲಿಲ್ಲ. ಅವರೂ ಕೇಳಲಿಲ್ಲ. ಗಾಡಿಯ ಗಾಲಿಗೇ ಮರಳಿದರು. ಡ್ರೈವರನ ಕಾಲು ಸೊಟ್ಟಗೆ ಕೂಡಿಕೊಂಡಿತು. ಮತ್ತೆ ಬಂಡಿ ನಡೆಸಲು ಆಗಲಿಲ್ಲ. ಮೇಸ್ತ್ರಿ ಅವನನ್ನು ಕರೆದು ತಮ್ಮ ಕುಲುಮೆಯ ತಿದಿಯ ಮುಂದೆ ಕೂರಿಸಿಕೊಂಡರು. "ನನ್ನ ಕಾಲು ಮುರದವ್ರ ಮನ್ಯಾಗ ಊಟ ಮಾಡಾಕತ್ತೀನ್ರಿ," ಎಂದು ಅವನು ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದ. ಮೇಸ್ತ್ರಿಯೂ ನಗುತ್ತಿದ್ದರು. ಒಂದು ದಿನ ನಾನು ನಿಜ ಹೇಳಿಬಿಡಬೇಕೆಂದು ಹೋದೆ. ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತೇನೆ. ಅವರು, "ಬರ್ರಿ, ಹೊತ್ತಿಗೆ ಬಂದ್ರಿ, ಇದನ್ನ ಸ್ವಲ್ಪ ಹಿಡೀರಿ," ಎಂದು ಒಂದು ಅರೆಕಾಲನ್ನು ನನ್ನ ಕೈಗೆ ಕೊಟ್ಟರು. ಅವರು ಬಡಿದು ಕೂರಿಸುವವರೆಗೂ ಹಿಡಿದಿದ್ದೆ. ಮುಗಿದ ಮೇಲೆ, "ಕೈ ಗಟ್ಟಿ ಐತ್ರಿ ನಿಮ್ಮದು," ಎಂದರು. ನಾನು ಮನೆಗೆ ಬಂದೆ.

ಮರುವರ್ಷ ಆ ಕೆಲಸವನ್ನೂ ಬಿಟ್ಟೆ. ಡಾಕ್ಟರಮ್ಮ ಒಳ್ಳೆಯ ಶಿಫಾರಸು ಪತ್ರ ಕೊಟ್ಟರು. ಅದರಲ್ಲಿ ನನ್ನ ಎಚ್ಚರ, ನಿಖರತೆಗಳ ಬಗ್ಗೆ ಒಂದು ಸಾಲಿತ್ತು. ಆ ಸಾಲಿನ ಬಲದಿಂದ ಒಂದಾದ ಮೇಲೊಂದು ಊರು, ಕೆಲಸ ಸಿಕ್ಕುತ್ತ ಹೋದವು. ಯುದ್ಧ ಮುಗಿಯುವ ಹೊತ್ತಿಗೆ ಡ್ರೈವರು ಯಾರಿಂದಲೋ ಬರೆಸಿದ ಕಾರ್ಡು ಬಂತು. ಮೇಸ್ತ್ರಿ ಜ್ವರದಿಂದ ತೀರಿಕೊಂಡರು; ಕೊನೆಯ ವಾರದವರೆಗೂ ಅಂಗಡಿಗೆ ಬರುತ್ತಿದ್ದರು; ನಿಮ್ಮನ್ನು ಕೇಳುತ್ತಿದ್ದರು, ಸಾಹೇಬರು ಎಲ್ಲಾದರೂ ಒಂದು ಕಡೆ ನಿಂತರೇನು ಎಂದು.

ಇಷ್ಟೆಲ್ಲದರ ನಡುವೆ ನನಗೊಂದು ಆಸರೆಯಿತ್ತು. ನನ್ನ ದಾರ ಸರಿಯಿತ್ತು, ತಾವು ಕಟ್ಟಿದ್ದರಲ್ಲೇ ತಪ್ಪಾಯಿತು ಎಂದು ನಂಬಿಯೇ ಅವರು ತಪ್ಪೊಪ್ಪಿಕೊಂಡರು ಎಂಬುದು ಆ ಆಸರೆ. ಒಬ್ಬ ಮನುಷ್ಯನ ತಪ್ಪು ತಿಳಿವಳಿಕೆಯನ್ನು ನಾನು ತಿದ್ದಲಿಲ್ಲ, ಅಷ್ಟೇ. ಅದು ಹೇಡಿತನ, ಆದರೆ ಅವರು ನನ್ನನ್ನು ಉಳಿಸಲಿಲ್ಲ, ನಾನು ಅವರ ಋಣದಲ್ಲಿಲ್ಲ. ತರ್ಕ ಓದಿದವನಿಗೆ ಇಂಥ ಮೆಟ್ಟಿಲುಗಳನ್ನು ಕಟ್ಟಿಕೊಳ್ಳುವುದು ಸುಲಭ. ಅವರು ದಾರ ಹಿಡಿದು ಆ ಪ್ರಶ್ನೆ ಕೇಳಿದ್ದ ನೆನಪು ಬಂದಾಗಲೆಲ್ಲ, ಅದು ನನ್ನ ಅಳುಕು ಹುಟ್ಟಿಸಿದ ಕಲ್ಪನೆ ಎಂದು ತಳ್ಳಿಹಾಕುತ್ತಿದ್ದೆ. ಯಾವ ಸಾಕ್ಷ್ಯವೂ ಇರಲಿಲ್ಲವಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಬೇರೊಂದು ಕೆಲಸದ ಮೇಲೆ ಹೇಮಾವತಿಯ ಕಡೆ ಹೋಗಬೇಕಾಯಿತು. ಊರಿಗೆ ಮೊದಲೇ ಸಿಗುವ ಛತ್ರದಲ್ಲಿ ಇಳಿದೆ. ಇಳಿದವರ ವಿವರವನ್ನು ಅಲ್ಲಿ ಪುಸ್ತಕದಲ್ಲಿ ಬರೆಸಿಕೊಳ್ಳುವ ಪದ್ಧತಿ. ಹಳೆಯ ಪುಸ್ತಕಗಳು ಇವೆಯೇ ಎಂದು ಏಕೆ ಕೇಳಿದೆನೋ ತಿಳಿಯದು. ನಾವು ಶಿಬಿರಕ್ಕೆ ಬಂದ ವರ್ಷದ ಗುರುತು ಸಿಕ್ಕೀತೆಂದು ಇರಬಹುದು. ಛತ್ರದವನು ಅಟ್ಟದಿಂದ ಒಂದು ಕಟ್ಟು ಇಳಿಸಿ, "ಗೆದ್ದಲು ಬಿಟ್ಟಷ್ಟು ಐತೆ, ನೋಡ್ಕಳಿ," ಎಂದ. ನಮ್ಮ ಬಂಡಿ ಮಗುಚಿದ ತಿಂಗಳ ಹಾಳೆ ಉಳಿದಿತ್ತು. ಅದರಲ್ಲಿ ತೆಲುಗು ಅಕ್ಷರದಲ್ಲಿ ಬರೆದ ಒಂದು ಸಾಲು. ಮೊದಲು ಹೆಸರು. ಆಮೇಲೆ ಊರು: ರಾಯದುರ್ಗ. ಕಸುಬು: ಗಾಲಿ ಕೆಲಸ. ತಂಗಿದ್ದು: ಎರಡು ದಿನ. ಬಂದ ಕಾರಣ: ಬಂಡಿ ಜಾಡು ಅಳೆಯಲು.

ತಾರೀಖನ್ನು ಬರೆದುಕೊಂಡು ಬಂದೆ. ಅದನ್ನು ಕೂಡ ನಂಬದೆ, ಆ ವರ್ಷದ ಪಂಚಾಂಗವನ್ನು ಹುಡುಕಿಸಿ, ಎರಡು ಸಲ ತಾಳೆ ನೋಡಿದೆ. ಆ ಸಾಲು ಬರೆದದ್ದು ವಿಜಯದಶಮಿಗೆ ಆರು ದಿನ ಮೊದಲು; ಅವರು ಆಸ್ಪತ್ರೆಯ ವರಾಂಡದಲ್ಲಿ ನಿಂತು ಅಳತೆ ನಂದು ಎಂದು ಹೇಳುವುದಕ್ಕೆ ಏಳು ದಿನ ಮೊದಲು.